ಚಿತ್ತಾರದ ಕಾರ್ಪೆಟ್ ಹಾಸಿಸುವ ಮುನ್ನ

ಗೋಡೆಯಿಂದ ಗೋಡೆಗೆ ಚಿತ್ತಾರದ ಕಾರ್ಪೆಟ್ ಹಾಸಿಸುತ್ತಿದ್ದೀರಾ? ಕೋಣೆಯ ಚದರಡಿ ಲೆಕ್ಕವನ್ನಷ್ಟೇ ನಂಬಿ ಆರ್ಡರ್ ಕೊಡಬೇಡಿ. ರೋಲಿನ ಅಗಲ ಸಾಮಾನ್ಯವಾಗಿ 12 ಅಡಿ. ಕೋಣೆ ಅದಕ್ಕಿಂತ ದೊಡ್ಡದಾದರೆ ಜೋಡಣೆ ತಪ್ಪದು. ಹೂವಿನ ವಿನ್ಯಾಸ 18 ಇಂಚಿಗೊಮ್ಮೆ ಮರುಕಳಿಸುತ್ತದೆ ಎಂದಿಟ್ಟುಕೊಳ್ಳಿ. 10 ಅಡಿಯ ತುಂಡಿಗೂ ಆಗ ಹತ್ತೂವರೆ ಅಡಿ ಬೇಕು, ಇಲ್ಲದಿದ್ದರೆ ಹೂವಿಗೆ ಹೂ ಕೂಡುವುದಿಲ್ಲ. ಎರಡೂ ತುಂಡು ಒಂದೇ ರೋಲಿನದಾಗಿರಲಿ, ಎಳೆಗಳು ಒಂದೇ ದಿಕ್ಕಿಗೆ ಬಾಗಿರಲಿ. ತಿರುಗಿಸಿ ಹಾಕಿದರೆ ಒಂದೇ ಬಣ್ಣ ಎರಡಾಗಿ ಕಾಣುತ್ತದೆ. ಕತ್ತರಿಸಿದ ಅಂಚಿಗೆ ಅಂಟು ಹಚ್ಚದೆ ಬರೀ ಟೇಪಿನ ಮೇಲೆ ಕೂರಿಸುವವರಿದ್ದಾರೆ. ಖಂಡಿತ ಒಪ್ಪಬೇಡಿ, ನೂಲು ಬಿಚ್ಚಿಕೊಳ್ಳುತ್ತದೆ. ಜನ ಹೆಚ್ಚು ಓಡಾಡುವ ಕಡೆ, ಬಾಗಿಲ ಬಳಿ ಜೋಡಣೆ ಬೇಡ. ಹಣ ಕೊಡುವ ಮೊದಲು ಹಗಲು ಬೆಳಕಿನಲ್ಲಿ ನಿಂತು ನೋಡಿ. ಗೆರೆ ಎದ್ದು ಕಂಡರೆ ಅಂದೇ ಬಿಚ್ಚಿಸಿ ಸರಿಮಾಡಿಸಿ.