ಅಪ್ಪನ ಫಿಯಾಟಿಗೆ ಐವತ್ತು ತುಂಬಿತು

ಗುಜರಿಯವನು ನಮ್ಮ ಕಾರಿಗೆ ಹದಿನೆಂಟು ಸಾವಿರ ಹೇಳಿದ. ತೂಕದ ಲೆಕ್ಕ. ಎಂಜಿನ್ ಓಡಿದರೂ ಅಷ್ಟೇ, ಓಡದಿದ್ದರೂ ಅಷ್ಟೇ. ಒಳಗಿನಿಂದ ಅಮ್ಮ, "ಅವನಿಗೊಂದು ಚಾ ಕೊಟ್ಟು ಕಳಿಸು ಮಾರಾಯ" ಎಂದಳು. ಆ ಚಾದಿಂದ ಶುರುವಾದ ಖರ್ಚು ಎರಡು ವರ್ಷದಲ್ಲಿ ₹3,40,000ಕ್ಕೆ ಬಂದು ನಿಂತಿತು.

ಕಾರು 1974ರ ಪ್ರೀಮಿಯರ್ ಪದ್ಮಿನಿ. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ತನ್ನ ಫಿಯಾಟ್ 1100ಕ್ಕೆ ಪದ್ಮಿನಿ ಎಂದು ಹೆಸರಿಟ್ಟದ್ದು ಆ ವರ್ಷವೇ. ಆದರೆ ನಾವಿರುವ ವಿಠ್ಠಲವಾಡಿಯಲ್ಲಿ ಅದನ್ನು ಫಿಯಾಟ್ ಅಂತಲ್ಲದೆ ಬೇರೆ ಏನೂ ಕರೆದದ್ದು ನನಗೆ ನೆನಪಿಲ್ಲ. ಹೊಸ ಗಾಡಿಗೆ ಬುಕಿಂಗ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಸ್ಟೇಷನ್ ಹತ್ತಿರ ಹೊಟೇಲ್ ನಡೆಸುತ್ತಿದ್ದ ಅಪ್ಪ 1983ರಲ್ಲಿ ಸೆಕೆಂಡ್ ಹ್ಯಾಂಡ್ ತಂದರು. ಬೆಳಿಗ್ಗೆ ಕಲ್ಯಾಣದಿಂದ ತರಕಾರಿ ಮೂಟೆ, ಮೇ ತಿಂಗಳಲ್ಲಿ ಊರಿಗೆ ನಾವು ಐದು ಜನ. ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿ, ಚಳಿಗೆ ಚೋಕ್ ಎಳೆಯುವುದು, ಎಲ್ಲ ಆ ತಲೆಮಾರಿಗೆ ಗೊತ್ತಿರುವುದೇ.

2005ರ ಜುಲೈ 26ರಂದು ವಾಲಧುನಿ ನದಿ ಉಕ್ಕಿ ಕಾರು ಕಿಟಕಿಯವರೆಗೆ ಮುಳುಗಿತು. ಅಪ್ಪ ಮಾಡಿಸಿದ್ದದ್ದು ಬರೀ ಥರ್ಡ್ ಪಾರ್ಟಿ ವಿಮೆ. ಅದು ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ನೆರೆಯಂಥ ನಷ್ಟ ಬರುವುದು ಸ್ವಂತ ಹಾನಿಯ ಭಾಗದಲ್ಲಿ, ಅದನ್ನು ಅವರು ತೆಗೆದುಕೊಂಡಿರಲೇ ಇಲ್ಲ. ಹತ್ತು ಪೈಸೆ ಬರಲಿಲ್ಲ. ಕಾರು ಟಾರ್ಪಾಲಿನ ಕೆಳಗೆ ಹೋಯಿತು.

ಅಪ್ಪ 2016ರಲ್ಲಿ ಹೋದರು. ಆಗ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಳ್ಳಬೇಕು. ಬ್ಯಾಂಕ್ ಖಾತೆ, ಹೊಟೇಲ್ ಲೈಸೆನ್ಸ್ ಎಲ್ಲ ಸರಿಮಾಡಿದವನು 'ನಿಂತ ಕಾರಿಗೆ ಏನು' ಎಂದು ಬಿಟ್ಟೆ. ಕಾಗದ ಸರಿಪಡಿಸಲು ಓಡಾಡಿದ್ದು ತುಕ್ಕು ಬಿಡಿಸಿದ್ದಕ್ಕಿಂತ ಜಾಸ್ತಿ.

ಮಿಸ್ತ್ರಿ ಮೊದಲು ಹೇಳಿದ್ದು ಒಂದೂವರೆ ಲಕ್ಷ. ಬಣ್ಣ ಕೆರೆದ ಮೇಲೆ ಕೆಳಗಿನ ಪತ್ರಾ ಹಪ್ಪಳದಂತೆ ಉದುರಿತು. ಡೆಂಟಿಂಗ್, ಪೇಂಟಿಂಗ್ ಒಂದಕ್ಕೇ ₹1,42,000. ಎಂಜಿನ್ ಕೆಲಸಕ್ಕೆ ₹78,000. ಇದರಲ್ಲಿ ಒಂದು ಖರ್ಚು ನಾನು ಊಹಿಸಿಯೇ ಇರಲಿಲ್ಲ. ಹಳೆ ಪೆಟ್ರೋಲಿನ ಸೀಸ ವಾಲ್ವ್ ಸೀಟಿನ ಸವಕಳಿ ತಡೆಯುತ್ತಿತ್ತು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಹಾಗಾಗಿ ಗಟ್ಟಿ ಸೀಟು ಕೂರಿಸಬೇಕಾಯಿತು. ಈಗ ಪಂಪಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು, ಹಳೆ ರಬ್ಬರ್ ಪೈಪನ್ನು ಅದು ತಿಂದುಹಾಕುತ್ತದೆ. ಪೈಪುಗಳೂ ಹೊಸದಾದವು. ಕ್ರೋಮ್, ಬೀಡಿಂಗ್, ವೈರಿಂಗ್, ಬ್ರೇಕು, ಟೈರು ಎಲ್ಲ ಸೇರಿ ₹96,000. ಉಳಿದ ₹24,000 ಉಲ್ಲಾಸನಗರದಲ್ಲಿ ಹೊಲಿಸಿದ ಸೀಟಿಗೆ. ('ಮೇಡ್ ಇನ್ ಯುಎಸ್‌ಎ' ಅಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಶನ್ ಎಂಬ ನಮ್ಮ ಕಡೆಯ ಹಳೆ ನಗೆಮಾತು ಈ ಸೀಟಿಗೆ ಚೆನ್ನಾಗಿ ಒಪ್ಪುತ್ತದೆ.)

ಗೆಳೆಯರು ಇದನ್ನು ಹೂಡಿಕೆ ಅನ್ನುತ್ತಾರೆ. ಕೊಳ್ಳಲು ಬಂದ ಒಬ್ಬರು ₹2,25,000 ಹೇಳಿ, ಸ್ವಲ್ಪ ಚೌಕಾಶಿಗೂ ಇಳಿದರು. ಅದೇ ₹3,40,000 ಶೇ 7ರ ಠೇವಣಿಯಲ್ಲಿದ್ದರೆ ತಿಂಗಳಿಗೆ ಹತ್ತಿರಹತ್ತಿರ ಎರಡು ಸಾವಿರ ಬಡ್ಡಿ ಬರುತ್ತಿತ್ತು. ಆದಾಯ ತೆರಿಗೆ ಕಾನೂನು ನಮ್ಮ ಗೆಳೆಯರಿಗಿಂತ ಜಾಣ. ಮನೆಯ ಬಳಕೆಯ ಕಾರನ್ನು ಅದು ಬಂಡವಾಳ ಆಸ್ತಿ ಎಂದು ಎಣಿಸುವುದಿಲ್ಲ. ಮಾರಿ ಲಾಭವಾದರೆ ತೆರಿಗೆ ಇಲ್ಲ, ನಷ್ಟವಾದರೆ ಬೇರೆ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ನನ್ನ ವಹಿಯಲ್ಲಿ ಈಗ ಇದು ಮನೆಖರ್ಚಿನ ಪುಟದಲ್ಲಿದೆ, ಅಮ್ಮನ ಔಷಧಿಯ ಕೆಳಗೆ.

ಐವತ್ತು ತುಂಬಿದ ಮೇಲೆ ಇನ್ನೊಂದು ಆಸೆ ಎದ್ದಿತು. 2021ರ ನಿಯಮದಂತೆ ಐವತ್ತು ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ ₹20,000, ಅವಧಿ ಹತ್ತು ವರ್ಷ, ನಂಬರಿನ ನಡುವೆ ವಿಎ ಎಂಬ ಅಕ್ಷರ. ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧಕ್ಕಿಳಿಯುತ್ತದೆ. 1089 ಸಿಸಿಯ ಈ ಎಂಜಿನಿಗೆ ಪೂರ್ತಿ ಪ್ರೀಮಿಯಂ ತೆರಿಗೆ ಬಿಟ್ಟು ₹3,416, ಅಂದರೆ ಉಳಿಯುವುದು ವರ್ಷಕ್ಕೆ ₹1,708. ಮಾಮೂಲು ನೋಂದಣಿಯಲ್ಲೇ ಇಟ್ಟರೆ ಐದು ವರ್ಷಕ್ಕೊಮ್ಮೆ ನವೀಕರಣ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರ ಆಗಸ್ಟಿನಿಂದ ₹10,000, ಮೇಲೆ ಪರಿಸರ ತೆರಿಗೆ.

ಹತ್ತು ವರ್ಷದ ಲೆಕ್ಕದಲ್ಲಿ ವಿಎ ಅಗ್ಗ. ಆದರೆ ವಿಎ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಗೆ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಅಮ್ಮನನ್ನು ಕಲ್ಯಾಣಕ್ಕೆ ದಂತವೈದ್ಯರ ಹತ್ತಿರ ಕರೆದೊಯ್ಯುವುದು ಪ್ರದರ್ಶನವೇ ಎಂದು ನಾನು ವಾದಿಸಬಹುದು, ಪೊಲೀಸರು ಒಪ್ಪಬೇಕಲ್ಲ. ವಿಎ ಬೇಡವೆಂದು ಬಿಟ್ಟೆ. ಈ ಸಲ ಸ್ವಂತ ಹಾನಿಯ ವಿಮೆಯನ್ನೂ ತೆಗೆದುಕೊಂಡೆ. ಇಷ್ಟು ಹಳೆಯ ಗಾಡಿಯ ಬೆಲೆಯನ್ನು ನಾವೂ ಕಂಪನಿಯವರೂ ಮಾತಾಡಿಯೇ ಗೊತ್ತುಮಾಡಬೇಕು. ಪ್ರತಿ ಬಿಲ್ಲನ್ನೂ ಇಟ್ಟುಕೊಂಡದ್ದು ಅಲ್ಲಿ ಕೈಹಿಡಿಯಿತು.

ಹಳೆ ಗಾಡಿಗಳ ಮೇಳಕ್ಕೆ ಒಮ್ಮೆ ಒಯ್ದೆ. ತೀರ್ಪುಗಾರರು ಬಾಗಿಲು ತೆರೆದು ಸೀಟು ಮುಟ್ಟಿ ನೋಡಿದರು. "ರೆಕ್ಸಿನ್ ಮೂಲದ್ದಲ್ಲ" ಎಂದು ಅಂಕ ಕಳೆದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಳೆ ಟ್ಯಾಕ್ಸಿ ಚಾಲಕರು ಮಾತ್ರ ಗೇರ್ ಹಿಡಿಯನ್ನು ಹಾಗೇ ಎರಡು ಸಲ ಆಡಿಸಿ ಹೋದರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೂ 2023ರ ಅಕ್ಟೋಬರಿಗೆ ಇಪ್ಪತ್ತು ವರ್ಷದ ಮಿತಿ ಮುಗಿದಿದೆ.

ಕಳೆದ ತಿಂಗಳು ಪರಿಚಯದ ಶೆಟ್ಟರೊಬ್ಬರು ಮಗಳ ಮದುವೆಗೆ ಕಾರು ಬಾಡಿಗೆಗೆ ಕೇಳಿದರು, ಎಂಟು ಸಾವಿರ ಕೊಡುತ್ತೇನೆಂದರು. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಕೊಟ್ಟು ಏನಾದರೂ ಆದರೆ ವಿಮೆ ಕೈಯೆತ್ತುತ್ತದೆ. ಬಾಡಿಗೆ ಬೇಡ, ನಾನೇ ಓಡಿಸಿಕೊಂಡು ಬರುತ್ತೇನೆ ಅಂದೆ. ಮದುಮಗಳನ್ನು ಹಾಲ್‌ಗೆ ಬಿಟ್ಟು, ಊಟ ಮಾಡಿ, ಗಾಡಿ ಹತ್ತಿದರೆ ಪೆಟ್ರೋಲಿನ ಮುಳ್ಳು ತುದಿಯಲ್ಲಿತ್ತು. ಶೆಟ್ಟರ ಹುಡುಗರು ಯಾವಾಗಲೋ ತುಂಬಿಸಿ ತಂದಿದ್ದರು. ಅದನ್ನು ವಹಿಯಲ್ಲಿ ಬರೆದಿಲ್ಲ.