ಚೋದಕ ರಸಗಳೂ ಜೀವಕೋಶಗಳೂ

ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸ್ಟಾರ್ಲಿಂಗ್ ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದಕ್ಕೆ ಪ್ರಚೋದಿಸು ಎಂದರ್ಥ. ಕನ್ನಡದ ‘ಚೋದಕ’ವೂ ಅದನ್ನೇ ಹೇಳುತ್ತದೆ, ನನಗೆ ಇದೇ ಮೆಚ್ಚು. ಚೋದಕವು ರಕ್ತದೊಡನೆ ದೇಹವೆಲ್ಲ ಸುತ್ತಿದರೂ ತನಗೆ ತಕ್ಕ ಗ್ರಾಹಕವುಳ್ಳ ಜೀವಕೋಶಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಇನ್ಸುಲಿನ್ ಕೋಶದ ಹೊರಪೊರೆಯ ಗ್ರಾಹಕಕ್ಕೆ ಅಂಟುತ್ತದೆ; ಆಗ ಸ್ನಾಯುಕೋಶವು ರಕ್ತದ ಸಕ್ಕರೆಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಕೊರಳಿನ ಥೈರಾಯ್ಡ್ ಗ್ರಂಥಿಯ ಥೈರಾಕ್ಸಿನ್ ಹಾಗಲ್ಲ. ಅದು ಕೋಶದೊಳಕ್ಕೇ ಹೋಗಿ, ಒಂದು ಅಯೋಡಿನ್ ಪರಮಾಣುವನ್ನು ಕಳೆದುಕೊಂಡು, ಕೋಶಕೇಂದ್ರದ ಗ್ರಾಹಕವನ್ನು ಸೇರಿ, ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದನ್ನು ಬದಲಿಸುತ್ತದೆ. ಗರ್ಭದಲ್ಲಿರುವ ಶಿಶುವಿನ ಮಿದುಳು ಬೆಳೆಯಲು ಇದು ಬೇಕೇ ಬೇಕು. ಆದರೆ ಅಯೋಡಿನ್ ಇಲ್ಲದೆ ಥೈರಾಕ್ಸಿನ್ ಆಗದು. ಬೆಟ್ಟದ ಸೀಮೆಗಳಲ್ಲಿ ಮಳೆನೀರು ಮಣ್ಣಿನ ಅಯೋಡಿನ್ನನ್ನು ಕೊಚ್ಚಿಕೊಂಡು ಹೋಗುವುದುಂಟು. ಅಯೋಡಿನ್ ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು ಭಾರತದಲ್ಲಿ 2006ರಿಂದ ನಿಷೇಧಿಸಲಾಗಿದೆ. ಆದರೂ ತಾಯಂದಿರು ಕಲ್ಲುಪ್ಪು ಕೊಳ್ಳುವಾಗ ಚೀಲದ ಮೇಲಿನ ಬರಹವನ್ನು ಮಕ್ಕಳಿಂದ ಓದಿಸಿ ನೋಡಲಿ.