ಪ್ರಯಾಣದ ದಿನವೇ ಸಫಾರಿ: ಸಾಧ್ಯವೇ?

ಶ್ರೀಲಂಕಾದ ಬೆಟ್ಟದೂರಾದ ‘ಎಲ್ಲ’ದಿಂದ ದಕ್ಷಿಣ ಕರಾವಳಿಯ ಮಿರಿಸ್ಸಕ್ಕೆ ಸಾಗುವ ದಿನವೇ ವನ್ಯಜೀವಿ ಸಫಾರಿಯನ್ನೂ ಮುಗಿಸಬಹುದೇ ಎಂಬ ಓದುಗರ ಪ್ರಶ್ನೆಗೆ, ದಾರಿಯ ನಡುವೆಯೇ ಸಿಗುವ ಉಡವಲವೆ ರಾಷ್ಟ್ರೀಯ ಉದ್ಯಾನವನ್ನು ಆಯ್ದುಕೊಂಡರೆ ಸಾಧ್ಯವೆಂಬುದೇ ಉತ್ತರ. ವಲವೆ ನದಿಯ ಜಲಾಶಯದ ಜಲಾನಯನ ಪ್ರದೇಶವನ್ನು, ಅಂದರೆ ಮಳೆನೀರು ಹರಿದು ಜಲಾಶಯ ಸೇರುವ ಭೂಭಾಗವನ್ನು, ಕಾಪಾಡಲು 1972ರಲ್ಲಿ ಸ್ಥಾಪನೆಯಾದ, ಸುಮಾರು 308 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ತೆರೆದ ಹುಲ್ಲುಗಾವಲು ಮತ್ತು ಕುರುಚಲು ಕಾಡು ಹೆಚ್ಚಾಗಿರುವುದರಿಂದ, ಅರ್ಧ ದಿನದ ಸುತ್ತಾಟದಲ್ಲೇ ಆನೆಹಿಂಡುಗಳು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಚಿರತೆಗೆ ಹೆಸರಾದ ಯಾಲ ರಾಷ್ಟ್ರೀಯ ಉದ್ಯಾನ ಪೂರ್ವಕ್ಕಿದ್ದು, ಬಳಸುದಾರಿಯನ್ನೂ ಹೆಚ್ಚಿನ ಸಮಯವನ್ನೂ ಬೇಡುತ್ತದೆ.

ಬಾಡಿಗೆ ಕಾರು ಉದ್ಯಾನದೊಳಗೆ ಹೋಗದೆ ಚಾಲಕನೊಂದಿಗೆ ಹೊರಗೆ ಕಾಯುತ್ತದೆ, ಸಫಾರಿಗೆ ತೆರೆದ ಜೀಪು ಬೇರೆಯೇ ಬೇಕಾಗುತ್ತದೆ. ಆದಕಾರಣ ಕಾಯುವಿಕೆಯ ಶುಲ್ಕ, ಜೀಪಿನ ಬಾಡಿಗೆ ಹಾಗೂ ವಿದೇಶಿಯರ ಪ್ರವೇಶ ಶುಲ್ಕ ಈ ಮೂರನ್ನೂ ಮೊದಲೇ ಬಿಡಿಬಿಡಿಯಾಗಿ ಕೇಳಿ ಬರೆಯಿಸಿಕೊಳ್ಳುವುದು ಒಳಿತು. ಸಾಮಾನನ್ನು ಕಾರಿನಲ್ಲಿ ಬಿಟ್ಟರೂ ಪಾಸ್‌ಪೋರ್ಟ್ ಮತ್ತು ಹಣ ಜೊತೆಯಲ್ಲೇ ಇರಬೇಕು. ಉದ್ಯಾನ ಸಂಜೆ ಆರಕ್ಕೆ ಮುಚ್ಚುವುದರಿಂದ ಮಧ್ಯಾಹ್ನದ ಸಫಾರಿ ಮುಗಿಸಿದವರು ಕತ್ತಲಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಪಯಣಿಸಬೇಕಾಗುತ್ತದೆ. ಚಿಕ್ಕ ಮಕ್ಕಳಾಗಲಿ ವೃದ್ಧರಾಗಲಿ ಜೊತೆಗಿದ್ದರೆ, ಉಡವಲವೆಯಲ್ಲೇ ಒಂದು ರಾತ್ರಿ ತಂಗಿ ಮುಂಜಾನೆಯ ಸಫಾರಿಯ ನಂತರ ಹೊರಡುವುದೇ ಸೂಕ್ತ.